ತಂತಿ ಆಂಟೆನಾ ಆಯ್ಕೆ: ಸೆಟ್‌ನಿಂದ ಹೊರಟ ವ್ಯಾಟ್ ಎಲ್ಲಿಗೆ ಹೋಗುತ್ತದೆ?

ಹ್ಯಾಮ್ ರೇಡಿಯೊ ಪರವಾನಗಿ ಕೈಗೆ ಬಂದು, ಸೆಟ್ ಮೇಜಿನ ಮೇಲೆ ಕೂತ ಮೇಲೆ ಮೊದಲು ಎದುರಾಗುವುದು ಆಂಟೆನಾದ ಪ್ರಶ್ನೆ. ಕೇಳಿದವರೆಲ್ಲ ಒಂದೊಂದು ಹೆಸರು ಹೇಳುತ್ತಾರೆ: ಡೈಪೋಲ್, ಇನ್ವರ್ಟೆಡ್ ವಿ, ಎಂಡ್ ಫೆಡ್, ಜಿ5ಆರ್‌ವಿ. ಜೊತೆಗೆ ತಮ್ಮ ಆಂಟೆನಾದ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್‌ನಲ್ಲಿ ಎಷ್ಟು ಹಿಂದಿರುಗುತ್ತದೆ ಎಂಬುದರ ಅಳತೆ, 1:1 ಆದರೆ ಏನೂ ಹಿಂದಿರುಗುವುದಿಲ್ಲ) 1.1 ಎಂದೂ ಸೇರಿಸುತ್ತಾರೆ. ಆ ಒಂದು ಸಂಖ್ಯೆಯಿಂದ ಆಂಟೆನಾ ಒಳ್ಳೆಯದೋ ಕೆಟ್ಟದ್ದೋ ಹೇಳಲು ಬರುವುದಿಲ್ಲ. ಆಂಟೆನಾ ಬದಲು ಜೋಡಿಸುವ 50 ಓಮ್‌ನ ರೋಧಕದ, ಅಂದರೆ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯೂಆರ್ ಕೂಡ 1:1. ಅದಕ್ಕೆ ಕೊಟ್ಟ ವ್ಯಾಟ್ ಪೂರ್ತಿ ಬಿಸಿಯಾಗಿ ಅಲ್ಲೇ ಮುಗಿಯುತ್ತದೆ, ಒಂದು ಕರೆಯೂ ಹೊರಗೆ ಹೋಗುವುದಿಲ್ಲ.

ಯಾವ ವಿನ್ಯಾಸ ಮುಂದೆ ಬಂದರೂ ಕೇಳಬೇಕಾದ್ದು ಇದು: ಸೆಟ್‌ನಿಂದ ಹೊರಟ 100 ವ್ಯಾಟ್‌ನಲ್ಲಿ ಕೇಬಲ್ ಎಷ್ಟು ತಿಂದಿತು, ಟ್ರಾನ್ಸ್‌ಫಾರ್ಮರ್ ಎಷ್ಟು ತಿಂದಿತು, ನೆಲ ಎಷ್ಟು ಹೀರಿತು, ಉಳಿದದ್ದು ಯಾವ ಕೋನದಲ್ಲಿ ಆಕಾಶಕ್ಕೆ ಏರಿತು? ಈ ಲೆಕ್ಕ ಹಾಕಲು ಬಂದರೆ ಯಾವ ಆಂಟೆನಾ ಬೇಕೆಂದು ಬೇರೆಯವರನ್ನು ಕೇಳುವ ಅಗತ್ಯ ಬೀಳುವುದಿಲ್ಲ.

ಯಾರೊಡನೆ ಮಾತು, ಎಷ್ಟು ಎತ್ತರ

ಕೋನದಿಂದಲೇ ಶುರು ಮಾಡೋಣ, ಏಕೆಂದರೆ ಉಳಿದೆಲ್ಲ ತೀರ್ಮಾನ ಇದಕ್ಕೆ ಅಂಟಿಕೊಂಡಿದೆ. ರೇಡಿಯೊ ಅಲೆಯನ್ನು ನೆಲಕ್ಕೆ ಹಿಂದಿರುಗಿಸುವ ಅಯಾನುಗೋಳದ ಎಫ್ ಪದರ 300 ಕಿಲೋಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಮಂಗಳೂರು ನೇರ ದೂರದಲ್ಲಿ ಸುಮಾರು 300 ಕಿ.ಮೀ. ಒಂದೇ ನೆಗೆತದಲ್ಲಿ ಅಲ್ಲಿಗೆ ಇಳಿಯಬೇಕಾದರೆ ಅಲೆ ನೆಲಮಟ್ಟದಿಂದ 62 ಡಿಗ್ರಿ ಮೇಲಕ್ಕೆ ಹೊರಡಬೇಕು. 500 ಕಿ.ಮೀ. ದೂರಕ್ಕಾದರೆ 48 ಡಿಗ್ರಿ. 2000 ಕಿ.ಮೀ. ದೂರಕ್ಕೆ ಕೋನ 12 ಡಿಗ್ರಿಗೆ ಇಳಿಯುತ್ತದೆ. ಹತ್ತಿರದವರಿಗೆ ಹೆಚ್ಚುಕಡಿಮೆ ನೆತ್ತಿಯ ಕಡೆಗೆ, ದೂರದವರಿಗೆ ದಿಗಂತದ ಕಡೆಗೆ ಕಳಿಸಬೇಕು ಎಂದಾಯಿತು.

ಅಡ್ಡಲಾಗಿ ಕಟ್ಟಿದ ಡೈಪೋಲ್ (ನಡುವೆ ಕೇಬಲ್ ಸೇರುವ ಎರಡು ಕಾಲಿನ ತಂತಿ) ಯಾವ ಕೋನಕ್ಕೆ ಹೆಚ್ಚು ಕಳಿಸುತ್ತದೆ ಎಂಬುದು ಅದರ ಎತ್ತರಕ್ಕೆ ಬಿಟ್ಟದ್ದು. ಲೆಕ್ಕ ಸರಳ: ತರಂಗಾಂತರವನ್ನು ಎತ್ತರದ ನಾಲ್ಕು ಪಟ್ಟಿನಿಂದ ಭಾಗಿಸಿ, ಬಂದ ಸಂಖ್ಯೆ ಆ ಕೋನದ ಸೈನ್. 14.15 ಮೆಗಾಹರ್ಟ್ಸ್‌ನಲ್ಲಿ, ಅಂದರೆ 20 ಮೀಟರ್ ಬ್ಯಾಂಡ್‌ನಲ್ಲಿ, ತರಂಗಾಂತರ 21.2 ಮೀಟರ್. ತಂತಿ 10 ಮೀಟರ್ ಎತ್ತರದಲ್ಲಿದ್ದರೆ 21.2 ÷ 40 = 0.53, ಅಂದರೆ 32 ಡಿಗ್ರಿ. 15 ಮೀಟರ್‌ಗೆ ಏರಿಸಿದರೆ 21 ಡಿಗ್ರಿ. 2000 ಕಿ.ಮೀ. ಆಚೆಯವರಿಗೆ ಬೇಕಾದ 12 ಡಿಗ್ರಿಯಲ್ಲಿ ಈ ಎರಡು ಎತ್ತರಗಳ ನಡುವಿನ ವ್ಯತ್ಯಾಸ ಸುಮಾರು 3 ಡಿಬಿ (ಡೆಸಿಬೆಲ್). ಅದೇ ತಂತಿ, ಅದೇ ಸೆಟ್, ಐದು ಮೀಟರ್ ಮೇಲಕ್ಕೆ ಎತ್ತಿದ್ದಷ್ಟೇ. ಪವರ್ ದುಪ್ಪಟ್ಟು ಮಾಡಿದ್ದಕ್ಕೆ ಅದು ಸಮ. ಆಂಪ್ಲಿಫೈಯರ್‌ಗೆ ಹಣ ಕೂಡಿಡುವ ಮುನ್ನ ಇನ್ನೊಂದು ಪೈಪ್ ತುಂಡು ಜೋಡಿಸಲು ಆಗುತ್ತದೆಯೇ ನೋಡಿ. ಎತ್ತರ ಕೇಳುವುದಕ್ಕೂ ಒದಗುತ್ತದೆ, ಆಂಪ್ಲಿಫೈಯರ್ ಒದಗುವುದಿಲ್ಲ.

40 ಮೀಟರ್ ಬ್ಯಾಂಡ್‌ನಲ್ಲಿ ಕಥೆ ಬೇರೆ. 7.1 ಮೆಗಾಹರ್ಟ್ಸ್‌ನ ತರಂಗಾಂತರ 42.25 ಮೀಟರ್, ಅದರ ಕಾಲು ಭಾಗ 10.5 ಮೀಟರ್. ಅದಕ್ಕಿಂತ ಕೆಳಗಿರುವ ಯಾವ ಡೈಪೋಲ್ ಆದರೂ ಹೆಚ್ಚಿನದನ್ನು ನೆತ್ತಿಗೇ ಕಳಿಸುತ್ತದೆ. 10 ಮೀಟರ್ ಎತ್ತರದಲ್ಲಿ 12 ಡಿಗ್ರಿ ಕೋನಕ್ಕೆ ಹೋಗುವುದು ನೆತ್ತಿಗೆ ಹೋಗುವುದಕ್ಕಿಂತ 10 ಡಿಬಿ ಕಡಿಮೆ, ಹತ್ತರಲ್ಲಿ ಒಂದು ಪಾಲು. ಹಗಲಿನಲ್ಲಿ ಕರ್ನಾಟಕದೊಳಗೆ, ನೆರೆ ರಾಜ್ಯಗಳೊಡನೆ ಮಾತಾಡುವವರಿಗೆ ಇದು ವರವೇ. ಬೆಳಗಿನ ನೆಟ್‌ಗಳು (ಹಲವು ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ಸೇರಿ ಮಾತಾಡುವ ಕೂಟಗಳು) 40 ಮೀಟರ್‌ನಲ್ಲಿ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ಮನೆಮನೆಯ ತಗ್ಗು ಡೈಪೋಲ್‌ಗಳೂ ಒಂದು ಕಾರಣ. ಅದೇ ಆಂಟೆನಾದಿಂದ ಯೂರೋಪ್ ಏಕೆ ಸಿಗುತ್ತಿಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ, ಅದು ಆ ಕೆಲಸಕ್ಕೆ ಕಟ್ಟಿದ್ದಲ್ಲ.

ತೀರಾ ಕೆಳಗೂ ಇಳಿಸಬೇಡಿ. 40 ಮೀಟರ್‌ಗೆ ನಾಲ್ಕು ಮೀಟರ್‌ಗಿಂತ ತಗ್ಗಿಸಿದರೆ ನೆಲ ಹೀರುವ ಪಾಲು ಏರುತ್ತ ಹೋಗುತ್ತದೆ. ಆ ನೆಲದ ನಷ್ಟವೇ ಫೀಡ್ ಪಾಯಿಂಟ್‌ನ (ಕೇಬಲ್ ಆಂಟೆನಾಗೆ ಸೇರುವ ಜಾಗದ) ರೋಧವನ್ನು 50 ಓಮ್ ಹತ್ತಿರಕ್ಕೆ ತಂದು ಎಸ್‌ಡಬ್ಲ್ಯೂಆರ್ ಚೆನ್ನಾಗಿ ಕಾಣುವಂತೆ ಮಾಡಬಹುದು.

30×40 ಸೈಟಿನ ಮೇಲೆ 20 ಮೀಟರ್ ತಂತಿ

ಅರ್ಧ ತರಂಗದ ಡೈಪೋಲ್‌ನ ಉದ್ದಕ್ಕೆ ಎಲ್ಲರೂ ಬಳಸುವ ಸೂತ್ರ: 143 ÷ ಮೆಗಾಹರ್ಟ್ಸ್ = ಮೀಟರ್. 7.1ಕ್ಕೆ 20.14 ಮೀಟರ್, ಒಂದೊಂದು ಕಾಲು 10.07 ಮೀಟರ್. ಬೆಂಗಳೂರಿನ 30×40 ಅಡಿ ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ, 15.2 ಮೀಟರ್. ನೇರ ಡೈಪೋಲ್ ಹಿಡಿಸುವುದಿಲ್ಲ ಎಂಬುದು ಇಲ್ಲಿಗೇ ಗೊತ್ತಾಯಿತು.

ಹಾಗಾಗಿ ನಡುವೆ ಒಂದು ಕಂಬ, ಎರಡು ಕಡೆಗೆ ಇಳಿಬಿಟ್ಟ ಕಾಲುಗಳು, ಅಂದರೆ ಇನ್ವರ್ಟೆಡ್ ವಿ. ತಾರಸಿಯ ಮೇಲೆ 6 ಮೀಟರ್‌ನ ಜಿಐ ಪೈಪ್ ನಿಲ್ಲಿಸಿದ್ದೀರಿ ಎನ್ನಿ. ತಂತಿಯ ತುದಿ ಯಾರ ಕೈಗೂ ಸಿಗಬಾರದು, ಏಕೆಂದರೆ ಡೈಪೋಲ್‌ನ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚು. 100 ವ್ಯಾಟ್‌ಗೆ ನೂರಾರು ವೋಲ್ಟ್ ಬರುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ. ಬಟ್ಟೆ ಒಣಹಾಕಲು ಬರುವವರ ತಲೆಯ ಮೇಲಿರುವಂತೆ ಕನಿಷ್ಠ 2.2 ಮೀಟರ್ ಎತ್ತರ ಬಿಡಿ, ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಆಗ ತುದಿ 3.8 ಮೀಟರ್ ಇಳಿದು, ಅಡ್ಡಕ್ಕೆ 7 ಮೀಟರ್ ಹೋದರೆ ಖರ್ಚಾಗುವ ತಂತಿ 8 ಮೀಟರ್. ಇನ್ನು 2 ಮೀಟರ್ ಮಿಕ್ಕಿತು.

ಈ ಎರಡು ಮೀಟರ್‌ನ ಚಿಂತೆಗೆ ಹಲವರು 40 ಮೀಟರ್ ಬ್ಯಾಂಡನ್ನೇ ಕೈಬಿಡುತ್ತಾರೆ, ಅಥವಾ ಗಿಡ್ಡ ತಂತಿಯನ್ನು ಬ್ಯಾಂಡ್‌ಗೆ ಹೊಂದಿಸುವ ಸುರುಳಿ, ಲೋಡಿಂಗ್ ಕಾಯಿಲ್ ಹಾಕಿ ನಷ್ಟ ತಂದುಕೊಳ್ಳುತ್ತಾರೆ. ಎರಡೂ ಬೇಡ. ಡೈಪೋಲ್‌ನಲ್ಲಿ ಕರೆಂಟ್ ನಡುವೆ ಹೆಚ್ಚು, ತುದಿಗೆ ಹೋಗುತ್ತ ಸೊನ್ನೆ. ಅಲೆ ಹೊರಡಿಸುವುದು ಕರೆಂಟ್. ಕೊನೆಯ ಐದನೇ ಒಂದು ಭಾಗದ ತಂತಿಯ ಪಾಲು ಒಟ್ಟಾರೆ ಇಪ್ಪತ್ತರಲ್ಲಿ ಒಂದರಷ್ಟು ಮಾತ್ರ. ಆ 2 ಮೀಟರನ್ನು ಪ್ಯಾರಾಪೆಟ್ ಗೋಡೆಯ ಮೇಲೆ ಅದೇ ಎತ್ತರದಲ್ಲಿ ಪಕ್ಕಕ್ಕೆ ತಿರುಗಿಸಿ ಹಗ್ಗದಿಂದ ಎಳೆದು ಕಟ್ಟಿ. ಮಡಿಸಿದ ಮೇಲೆ ರೆಸೊನೆನ್ಸ್ (ತಂತಿ ತಾನಾಗಿ ಹೊಂದುವ ಫ್ರೀಕ್ವೆನ್ಸಿ) ಕೊಂಚ ಸರಿಯುತ್ತದೆ, ಅದನ್ನು ಉದ್ದ ಹೊಂದಿಸುವಾಗ ಸರಿಪಡಿಸಿದರಾಯಿತು. ತಂತಿಯನ್ನು ತನ್ನ ಮೇಲೆಯೇ ಹಿಂದಕ್ಕೆ ಮಡಿಸುವುದು ಮಾತ್ರ ಬೇಡ. ನೀರಿನ ಟ್ಯಾಂಕ್‌ನ ಕಬ್ಬಿಣದ ಸ್ಟ್ಯಾಂಡ್, ಸೋಲಾರ್ ಹೀಟರ್‌ನ ಚೌಕಟ್ಟುಗಳಿಂದ ತುದಿಯನ್ನು ಒಂದು ಮೀಟರ್‌ಗಿಂತ ಹೆಚ್ಚು ದೂರವಿಡಿ.

ಸೈಟಿನ ಇನ್ನೊಂದು ಕರ್ಣ, ಉಳಿದೆರಡು ಮೂಲೆಗಳ ನಡುವಿನ ಜಾಗ, ಇನ್ನೂ ಖಾಲಿ ಇದೆಯಲ್ಲ? ಅಲ್ಲಿ 20 ಮೀಟರ್ ಬ್ಯಾಂಡ್‌ನ ಇನ್ವರ್ಟೆಡ್ ವಿ ಆರಾಮಾಗಿ ಕೂರುತ್ತದೆ: ಒಂದೊಂದು ಕಾಲು 5.05 ಮೀಟರ್. ಎರಡೂ ಜೊತೆ ಕಾಲುಗಳನ್ನು ಕಂಬದ ತುದಿಯ ಅದೇ ಫೀಡ್ ಪಾಯಿಂಟ್‌ಗೆ ಸೇರಿಸಿ ಒಂದೇ ಕೇಬಲ್ ಇಳಿಸಿ. ಕಾಲುಗಳು ಒಂದಕ್ಕೊಂದು ಅಡ್ಡಡ್ಡ ಹೋಗುವುದರಿಂದ ಪರಸ್ಪರ ಕಾಟ ಕಡಿಮೆ. ಒಂದೇ ದಿಕ್ಕಿನಲ್ಲಿ ಕಟ್ಟಬೇಕಾಗಿ ಬಂದರೆ ತುದಿಗಳ ನಡುವೆ ಒಂದು ಮೀಟರ್ ಅಂತರವಿರಲಿ. ಮೊದಲು 40 ಮೀಟರ್‌ನ ಉದ್ದ ಹೊಂದಿಸಿ, ಆಮೇಲೆ 20ರದ್ದು, ಕೊನೆಗೆ ಮತ್ತೊಮ್ಮೆ 40 ನೋಡಿ. ನಗರದ ಸೈಟಿಗೆ ಇದಕ್ಕಿಂತ ನೆಚ್ಚಬಹುದಾದ ಮೊದಲ ಆಂಟೆನಾ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

40 ಮೀಟರ್ ಡೈಪೋಲ್ ಮೂರು ಪಟ್ಟು ಫ್ರೀಕ್ವೆನ್ಸಿಯಾದ 15 ಮೀಟರ್‌ನಲ್ಲೂ ತಾನಾಗಿ ಕೆಲಸ ಮಾಡುತ್ತದೆ ಎಂದು ಹೇಳುವುದುಂಟು. ಅರ್ಧ ಸತ್ಯ. ತುದಿಯ ಪರಿಣಾಮ (ತಂತಿ ತನ್ನ ನಿಜ ಉದ್ದಕ್ಕಿಂತ ಕೊಂಚ ಉದ್ದವಿದ್ದಂತೆ ವರ್ತಿಸುವುದು) ಇಡೀ ತಂತಿಗೆ ಒಂದೇ ಸಲ ಬರುವುದರಿಂದ, 7.1ಕ್ಕೆ ಕತ್ತರಿಸಿದ 20.14 ಮೀಟರ್ ತಂತಿಯ ಮೂರನೇ ರೆಸೊನೆನ್ಸ್ 21.3ರಲ್ಲಿ ಬೀಳದೆ 22ರ ಹತ್ತಿರ ಬೀಳುತ್ತದೆ. 21.0ರಿಂದ 21.45ರವರೆಗಿನ ಬ್ಯಾಂಡ್ ತಪ್ಪಿಹೋಯಿತು. ಟ್ಯೂನರ್ (ಆಂಟೆನಾವನ್ನು ಸೆಟ್‌ಗೆ ಹೊಂದಿಸಿಕೊಡುವ ಪೆಟ್ಟಿಗೆ) ಇದ್ದರೆ ಅದನ್ನು ಸಂಭಾಳಿಸಬಹುದು.

ಉಳಿದ ವಿನ್ಯಾಸಗಳನ್ನು ತೂಗುವುದು

ಕಂಬ ನಿಲ್ಲಿಸಲು ಜಾಗವೇ ಇಲ್ಲ, ಒಂದು ತುದಿ ಕಿಟಕಿಯ ಹತ್ತಿರವೇ ಬರಬೇಕು ಎನ್ನುವವರಿಗೆ ಎಂಡ್ ಫೆಡ್ ಹಾಫ್ ವೇವ್. ಇದೂ 20 ಮೀಟರ್ ತಂತಿಯೇ, ನಡುವಿನ ಬದಲು ತುದಿಯಿಂದ ಫೀಡ್. ತುದಿಯಲ್ಲಿ ಇಂಪೀಡೆನ್ಸ್ 2500 ಓಮ್ ಆಸುಪಾಸು ಇರುವುದರಿಂದ 49:1 ಟ್ರಾನ್ಸ್‌ಫಾರ್ಮರ್ ಬೇಕು. ಎಫ್‌ಟಿ240-43 ಫೆರೈಟ್ ರಿಂಗ್ ಮೇಲೆ ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು, ಪ್ರೈಮರಿಗೆ ಅಡ್ಡಲಾಗಿ 100 ಪಿಕೊಫ್ಯಾರಡ್‌ನ ಹೈ ವೋಲ್ಟೇಜ್ ಕೆಪ್ಯಾಸಿಟರ್. ಸುತ್ತಲು 1 ಮಿ.ಮೀ. ಎನಾಮಲ್ ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. 40, 20, 15, 10 ನಾಲ್ಕೂ ಬ್ಯಾಂಡ್‌ನಲ್ಲಿ ಇದು ನಡೆಯುತ್ತದೆ. ಮೇಲಿನ ಬ್ಯಾಂಡ್‌ಗಳಲ್ಲಿ ರೆಸೊನೆನ್ಸ್ ಕೊಂಚ ಮೇಲಕ್ಕೆ ಜಾರುವುದರಿಂದ ತಂತಿಯನ್ನು 7.0ರ ಕಡೆಗೆ ಸ್ವಲ್ಪ ಉದ್ದವೇ ಬಿಡಿ.

ಇದರಲ್ಲಿ ತೆರುವ ಬೆಲೆ ಎರಡು. ಒಂದು, ಟ್ರಾನ್ಸ್‌ಫಾರ್ಮರ್ ನಷ್ಟ. ಚೆನ್ನಾಗಿ ಸುತ್ತಿದ್ದರಲ್ಲೂ 100ರಲ್ಲಿ 10ರಿಂದ 20 ವ್ಯಾಟ್ ರಿಂಗ್‌ನಲ್ಲೇ ಬಿಸಿಯಾಗುತ್ತದೆ. ಧ್ವನಿ ಕಳಿಸುವ ಎಸ್‌ಎಸ್‌ಬಿಯಲ್ಲಿ ಮಾತು ಬಿಟ್ಟು ಬಿಟ್ಟು ಬರುವುದರಿಂದ ತೊಂದರೆ ಕಾಣುವುದಿಲ್ಲ. ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ವಿಧಾನ ಎಫ್‌ಟಿ8ರಲ್ಲಿ 15 ಸೆಕೆಂಡಿಗೆ 12.6 ಸೆಕೆಂಡ್ ಪೂರ್ತಿ ಪವರ್ ಹರಿಯುತ್ತದೆ. ರಿಂಗ್ ಕಾದು, ಎಸ್‌ಡಬ್ಲ್ಯೂಆರ್ ನಿಧಾನವಾಗಿ ಏರುತ್ತ ಹೋದರೆ ಕಾರಣ ಇದೇ. ಎರಡು ರಿಂಗ್ ಜೋಡಿಸಿ ಸುತ್ತಿ, ಅಥವಾ ಪವರ್ 30 ವ್ಯಾಟ್‌ಗೆ ಇಳಿಸಿ. ಎರಡನೆಯದು, ಕೇಬಲ್‌ನ ಹೊರಮೈಯೇ ಆಂಟೆನಾದ ಇನ್ನೊಂದು ಕಾಲಾಗಿ ಕೆಲಸ ಮಾಡುವುದು. ಅದರ ವಿಚಾರ ಮುಂದೆ ಬರುತ್ತದೆ.

9:1 ಅನ್‌ಅನ್ (ಇದೂ ಇಂಪೀಡೆನ್ಸ್ ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿದ ರ್‍ಯಾಂಡಮ್ ವೈರ್ ನೋಡಲು ಎಂಡ್ ಫೆಡ್‌ನ ಅಣ್ಣತಮ್ಮನಂತಿದ್ದರೂ ತತ್ವ ತಿರುಗುಮುರುಗು. ಇಲ್ಲಿ ಯಾವ ಬ್ಯಾಂಡ್‌ಗೂ ಅರ್ಧ ತರಂಗದ ಗುಣಕ ಆಗದ ಉದ್ದ ಬೇಕು. 16.2 ಮೀಟರ್ ಹಲವು ಬ್ಯಾಂಡ್‌ಗೆ ಹೊಂದುವ ಉದ್ದ. ಟ್ಯೂನರ್ ಇಲ್ಲದೆ ಇದು ನಡೆಯುವುದಿಲ್ಲ, ನಷ್ಟವೂ ಹೆಚ್ಚು. ಬೇರೆ ದಾರಿ ಇಲ್ಲದಾಗ ಮಾತ್ರ.

ತುದಿಯಿಂದ ಮೂರನೇ ಒಂದು ಭಾಗದಲ್ಲಿ ಫೀಡ್ ಮಾಡುವ ಆಫ್ ಸೆಂಟರ್ ಡೈಪೋಲ್‌ಗೆ 4:1 ಬಾಲನ್ (ಎರಡು ಕಾಲುಗಳನ್ನು ಕೇಬಲ್‌ಗೆ ಹೊಂದಿಸುವ ಟ್ರಾನ್ಸ್‌ಫಾರ್ಮರ್) ಬೇಕು. 13.4 ಮತ್ತು 6.7 ಮೀಟರ್ ಕಾಲುಗಳಿಂದ 40, 20, 10 ಸಿಗುತ್ತವೆ. 15 ಸಿಗುವುದಿಲ್ಲ, ಏಕೆಂದರೆ ಆ ಬ್ಯಾಂಡ್‌ನಲ್ಲಿ ಸರಿಯಾಗಿ ಆ ಜಾಗದಲ್ಲೇ ಕರೆಂಟ್ ಸೊನ್ನೆಯಾಗುತ್ತದೆ.

ಊರಿನಲ್ಲಿ ತೋಟ ಇದ್ದವರು, ಎರಡು ತೆಂಗಿನ ಮರ ನಲವತ್ತು ಐವತ್ತು ಮೀಟರ್ ಅಂತರದಲ್ಲಿ ಸಿಗುವವರು, ಓಪನ್ ವೈರ್ ಫೀಡರ್‌ನ ಡಬ್ಲೆಟ್ (ಕೇಬಲ್ ಬದಲು ಎರಡು ಸಮಾಂತರ ತಂತಿಗಳಿಂದ ಫೀಡ್ ಮಾಡುವ ಡೈಪೋಲ್) ಕಟ್ಟಬೇಕು. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬ್ಯಾಂಡ್ ಇಷ್ಟು ಕಡಿಮೆ ನಷ್ಟದಲ್ಲಿ ಕೊಡುವ ಆಂಟೆನಾ ಮತ್ತೊಂದಿಲ್ಲ. ಉದ್ದ ಎಷ್ಟು ಸಿಕ್ಕರೆ ಅಷ್ಟು: 20 ಮೀಟರ್ ಆದರೂ ಸರಿ, 40 ಆದರೆ 80 ಮೀಟರ್ ಬ್ಯಾಂಡ್ ಕೂಡ ಸೇರುತ್ತದೆ. 2 ಮಿ.ಮೀ. ದಪ್ಪದ ಎರಡು ತಂತಿಗಳನ್ನು 10 ಸೆಂ.ಮೀ. ಅಂತರದಲ್ಲಿ ಸಾಗಿಸಿದರೆ ಸುಮಾರು 550 ಓಮ್‌ನ ಫೀಡರ್ ಸಿದ್ಧ. ಅಂತರ ಕಾಯಲು ಪಿವಿಸಿ ಕಂಡ್ಯೂಟ್ ಪೈಪಿನ ತುಂಡುಗಳನ್ನು ಅರ್ಧ ಮೀಟರ್‌ಗೊಂದರಂತೆ ಕಟ್ಟಿ. ಫೀಡರನ್ನು ಗೋಡೆ, ಕಿಟಕಿಯ ಗ್ರಿಲ್, ಕಬ್ಬಿಣದ ಗೇಟ್ ಹತ್ತಿರ ಒರಗಿಸಬೇಡಿ, 30 ಸೆಂ.ಮೀ. ದೂರ ಇರಲಿ. ಕೊನೆಗೆ 1:1 ಬಾಲನ್, ಟ್ಯೂನರ್. ಬ್ರಿಟನ್ನಿನ ಲೂಯಿ ವಾರ್ನಿ 1946ರಲ್ಲಿ ವಿನ್ಯಾಸ ಮಾಡಿದ, ಅವರ ಕಾಲ್‌ಸೈನ್‌ನಿಂದಲೇ ಹೆಸರಾದ ಜಿ5ಆರ್‌ವಿ ಇದೇ ಕುಟುಂಬದ್ದು: 31.1 ಮೀಟರ್ ತಂತಿ, 20 ಮೀಟರ್ ಬ್ಯಾಂಡ್‌ನಲ್ಲಿ ಒಂದೂವರೆ ತರಂಗ ಆಗುವಂತೆ. ಅದರಲ್ಲಿ ಓಪನ್ ವೈರ್ ಮುಗಿದ ಮೇಲೆ ಉದ್ದ ಕೋಆಕ್ಸ್ (ನಡುವೆ ತಂತಿ, ಸುತ್ತ ಹೆಣಿಗೆ ಇರುವ ಕೇಬಲ್) ಸೇರಿಸುವ ರೂಢಿ ಬಂದಿದೆ. ಬೇರೆ ಬ್ಯಾಂಡ್‌ಗಳಲ್ಲಿ ನಷ್ಟ ಹುಟ್ಟುವುದು ಆ ಕೋಆಕ್ಸ್‌ನಲ್ಲೇ.

ತಂತಿ ಉದ್ದವಾದಷ್ಟೂ ಮೇಲಿನ ಬ್ಯಾಂಡ್‌ಗಳಲ್ಲಿ ದಿಕ್ಕು ಬದಲಾಗುತ್ತದೆ ಎಂಬುದನ್ನೂ ಮರೆಯಬೇಡಿ. 20 ಮೀಟರ್ ತಂತಿ 40 ಮೀಟರ್ ಬ್ಯಾಂಡ್‌ನಲ್ಲಿ ತನ್ನ ಅಡ್ಡ ದಿಕ್ಕಿಗೆ ಕಳಿಸಿದರೆ, 10 ಮೀಟರ್ ಬ್ಯಾಂಡ್‌ನಲ್ಲಿ ಎರಡು ತರಂಗದಷ್ಟಾಗಿ, ತಂತಿಗೆ ಓರೆಯಾಗಿ ನಾಲ್ಕು ಮುಖ್ಯ ದಳವಾಗಿ ಸೀಳಿಹೋಗುತ್ತದೆ.

ಕೇಬಲ್ ಬಚ್ಚಿಡುವ ಲೆಕ್ಕ

40 ಮೀಟರ್ ಡೈಪೋಲ್‌ಗೆ 30 ಮೀಟರ್ ಆರ್‌ಜಿ-58 (ತೆಳು ಕೋಆಕ್ಸ್) ಕಟ್ಟಿ, ಶ್ಯಾಕ್‌ನ (ಸೆಟ್ ಇರುವ ಕೋಣೆಯ) ಟ್ಯೂನರ್ ತಿರುಗಿಸಿ 20 ಮೀಟರ್ ಬ್ಯಾಂಡ್‌ನಲ್ಲಿ ಹೊರಟರೆ ಏನಾಗುತ್ತದೆ? ಆ ಬ್ಯಾಂಡ್‌ನಲ್ಲಿ ಡೈಪೋಲ್‌ನ ನಡುವಿನ ಇಂಪೀಡೆನ್ಸ್ 3000 ಓಮ್‌ನಷ್ಟು, ಅಂದರೆ ಮೇಲೆ ಎಸ್‌ಡಬ್ಲ್ಯೂಆರ್ 60:1. ಅಲೆ ಕೇಬಲ್‌ನೊಳಗೆ ಹೋಗಿ ಬಂದು ಹೋಗಿ ಬಂದು ಪ್ರತಿ ಸಲವೂ ಸೊರಗುತ್ತದೆ. ಲೆಕ್ಕ ಹಾಕಿದರೆ ಒಟ್ಟು ನಷ್ಟ 11 ಡಿಬಿ. 100 ವ್ಯಾಟ್‌ನಲ್ಲಿ ಆಂಟೆನಾಗೆ ತಲುಪುವುದು 8 ವ್ಯಾಟ್. ಆದರೆ ಸೊರಗಿದ ಅಲೆಯನ್ನೇ ಕೆಳಗಿನ ಮೀಟರ್ ನೋಡುವುದರಿಂದ ಅಲ್ಲಿ 60 ಕಾಣುವುದಿಲ್ಲ, 5:1 ಕಾಣುತ್ತದೆ. ಟ್ಯೂನರ್ ಅದನ್ನು 1:1 ಮಾಡಿ ಕೊಡುತ್ತದೆ. ಸೆಟ್ ನಿರಾಳ, ಮೀಟರ್ ಚಂದ, ಕರೆಗೆ ಉತ್ತರ ಮಾತ್ರ ಇಲ್ಲ.

ಎಸ್‌ಡಬ್ಲ್ಯೂಆರ್ ಸರಿ ಇದ್ದರೂ ಕೇಬಲ್ ತನ್ನ ಪಾಲು ತೆಗೆದುಕೊಳ್ಳುತ್ತದೆ. 30 ಮೀಟರ್ ಆರ್‌ಜಿ-58ರಲ್ಲಿ 7 ಮೆಗಾಹರ್ಟ್ಸ್‌ಗೆ ಸುಮಾರು 1.2 ಡಿಬಿ, 28 ಮೆಗಾಹರ್ಟ್ಸ್‌ಗೆ 2.5 ಡಿಬಿ. ಎರಡನೆಯದರಲ್ಲಿ 100 ವ್ಯಾಟ್ 56 ಆಗುತ್ತದೆ. ಅದೇ ಉದ್ದದ ದಪ್ಪ ಕೋಆಕ್ಸ್ ಆರ್‌ಜಿ-213ರಲ್ಲಿ 28ಕ್ಕೆ ನಷ್ಟ 1 ಡಿಬಿಗಿಂತ ಕೊಂಚ ಹೆಚ್ಚು. ಹಾಗೆಂದು 2:1 ಎಸ್‌ಡಬ್ಲ್ಯೂಆರ್‌ಗೆ ಹೆದರಬೇಕಿಲ್ಲ. ಅಲ್ಲಿ ಹಿಂದಿರುಗುವುದು 11 ಶೇಕಡಾ, ಅದರಲ್ಲೂ ಬಹುಪಾಲು ಮತ್ತೆ ಮೇಲಕ್ಕೆ ಹೋಗುತ್ತದೆ. 1.8ನ್ನು 1.2 ಮಾಡಲು ದಿನಗಟ್ಟಲೆ ತಂತಿ ಕತ್ತರಿಸುವುದಕ್ಕಿಂತ ಕಂಬ ಒಂದು ಮೀಟರ್ ಎತ್ತುವುದು ಮೇಲು.

ಕೇಬಲ್ ಎಷ್ಟು ತಿನ್ನುತ್ತಿದೆ ಎಂದು ನೋಡುವುದು ಸುಲಭ. ಆಂಟೆನಾ ಕಡೆಯ ತುದಿಯನ್ನು ಶಾರ್ಟ್ ಮಾಡಿ, ಈ ತುದಿಯಲ್ಲಿ ನ್ಯಾನೋವಿಎನ್‌ಎಯಿಂದ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಉಪಕರಣ) ರಿಟರ್ನ್ ಲಾಸ್, ಅಂದರೆ ಹೋಗಿಬಂದ ಅಲೆ ಎಷ್ಟು ಸೊರಗಿತು ಎಂಬುದನ್ನು ಓದಿ. ಅರ್ಧ ಮಾಡಿದರೆ ಒಂದು ದಾರಿಯ ನಷ್ಟ. 4 ಡಿಬಿ ಬಂದರೆ ನಷ್ಟ 2 ಡಿಬಿ. ಹಳೆಯ ಕೇಬಲ್‌ನಲ್ಲಿ ಇದು ಮೇಲಿನ ಅಂಕಿಗಳಿಗಿಂತ ಬಹಳ ಹೆಚ್ಚಿದ್ದರೆ ಒಳಗೆ ನೀರು ಸೇರಿದೆ.

ಈಗ ಕೇಬಲ್‌ನ ಹೊರಮೈ. ಕೋಆಕ್ಸ್‌ನ ಹೆಣಿಗೆಯ ಒಳಮೈಯಲ್ಲಿ ಹರಿಯುವ ಕರೆಂಟ್ ಬೇರೆ, ಹೊರಮೈಯಲ್ಲಿ ಹರಿಯುವುದು ಬೇರೆ. ಹೊರಗಿನದು ಕಾಮನ್ ಮೋಡ್. ಅದು ಹರಿದರೆ ಕೇಬಲ್ಲೇ ಆಂಟೆನಾ ಆಗಿ, ಮೈಕ್ ಮುಟ್ಟಿದರೆ ಚುರ್ ಎನ್ನುವುದು, ಕಳಿಸುವಾಗ ಲ್ಯಾಪ್‌ಟಾಪ್‌ನ ಯುಎಸ್‌ಬಿ ಕಡಿದುಹೋಗುವುದು ಶುರುವಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಮನೆಯ ಯುಪಿಎಸ್, ಎಲ್‌ಇಡಿ ಬಲ್ಬ್, ಸೋಲಾರ್ ಇನ್ವರ್ಟರ್‌ಗಳ ಸದ್ದು ಅದೇ ದಾರಿಯಲ್ಲಿ ರಿಸೀವರ್‌ಗೆ ಬರುವುದು. ಪರೀಕ್ಷೆ ಹೀಗೆ: ಮೀಟರ್ ನೋಡುತ್ತ ಕೇಬಲನ್ನು ಮುಷ್ಟಿಯಲ್ಲಿ ಹಿಡಿಯಿರಿ, ಅಥವಾ ಎರಡು ಮೂರು ಮೀಟರ್ ಕೇಬಲ್ ಹೆಚ್ಚು ಸೇರಿಸಿ. ಎಸ್‌ಡಬ್ಲ್ಯೂಆರ್ ಗಣನೀಯವಾಗಿ ಅಲುಗಾಡಿದರೆ ಹೊರಮೈಯಲ್ಲಿ ಕರೆಂಟ್ ಇದೆ.

ಮದ್ದು ಚೋಕ್, ಅಂದರೆ ಹೊರಮೈಯ ಕರೆಂಟ್ ತಡೆಯುವ ಸುರುಳಿ. ಎಫ್‌ಟಿ240-31 ರಿಂಗ್ ಮೂಲಕ ಆರ್‌ಜಿ-58ನ್ನು 12 ಸುತ್ತು ತಿರುಗಿಸಿ, ಡೈಪೋಲ್ ಆದರೆ ಫೀಡ್ ಪಾಯಿಂಟ್‌ನಲ್ಲೇ ಇಡಿ. ಎಂಡ್ ಫೆಡ್‌ಗೆ ಅಲ್ಲಿಡಬಾರದು. ಅದಕ್ಕೆ ಇನ್ನೊಂದು ಕಾಲು ಬೇಕಲ್ಲ? ಟ್ರಾನ್ಸ್‌ಫಾರ್ಮರ್‌ನಿಂದ 2 ಮೀಟರ್‌ನಷ್ಟು ಕೇಬಲ್ ಬಿಟ್ಟು ಆಮೇಲೆ ಚೋಕ್ ಇಡಿ, ಆ 2 ಮೀಟರ್ ಹೊರಮೈ ಕೌಂಟರ್‌ಪಾಯ್ಸ್ ಆಗಿ ಕೆಲಸ ಮಾಡುತ್ತದೆ. ಚೋಕ್ ಇಲ್ಲದ ಎಂಡ್ ಫೆಡ್ ಗದ್ದಲದ ಆಂಟೆನಾ ಎಂದು ಹೆಸರು ಕೆಡಿಸಿಕೊಂಡಿರುವುದು ಈ ಕಾರಣಕ್ಕೇ.

ಉದ್ದ ಹೊಂದಿಸುವುದು, ಆಮೇಲೆ ಪರೀಕ್ಷಿಸುವುದು

ಮೊದಲೇ ಸೂತ್ರದ ಉದ್ದಕ್ಕೆ ಕತ್ತರಿಸಬೇಡಿ, 2–3 ಶೇಕಡಾ ಹೆಚ್ಚು ಇಟ್ಟುಕೊಳ್ಳಿ. ನ್ಯಾನೋವಿಎನ್‌ಎಯನ್ನು ಅಳೆಯುವ ವ್ಯಾಪ್ತಿ ನಿಗದಿ ಮಾಡಿದ ಮೇಲೆ ಓಪನ್, ಶಾರ್ಟ್, ಲೋಡ್ ಹಾಕಿ ಕ್ಯಾಲಿಬ್ರೇಟ್ ಮಾಡಿ. ವ್ಯಾಪ್ತಿ ಬದಲಿಸಿದರೆ ಮತ್ತೆ ಮಾಡಿ. 20.6 ಮೀಟರ್ ತಂತಿ 6.9 ಮೆಗಾಹರ್ಟ್ಸ್‌ನಲ್ಲಿ ತಳ ತೋರಿಸಿತು, ನಿಮಗೆ 7.1 ಬೇಕು. 20.6 × 6.9 ÷ 7.1 = 20.02. ಒಟ್ಟು 58 ಸೆಂ.ಮೀ. ಹೆಚ್ಚಿದೆ, ಒಂದೊಂದು ಕಾಲಿನಿಂದ 29 ಸೆಂ.ಮೀ. ತೆಗೆಯಬೇಕು. ಒಮ್ಮೆಗೇ ಅಷ್ಟೂ ಬೇಡ, 20 ಸೆಂ.ಮೀ. ತೆಗೆದು ಮತ್ತೆ ಅಳೆಯಿರಿ. ಪಿವಿಸಿ ಹೊದಿಕೆಯ ತಂತಿ ಸೂತ್ರಕ್ಕಿಂತ 2–4 ಶೇಕಡಾ ಗಿಡ್ಡ ಬರುತ್ತದೆ, ಗಾಬರಿ ಬೇಡ. ಅಳೆಯುವುದು ಆಂಟೆನಾ ತನ್ನ ಕೊನೆಯ ಎತ್ತರಕ್ಕೆ ಏರಿದ ಮೇಲೆ. ಕೈಗೆಟುಕುವ ಎತ್ತರದಲ್ಲಿ ಹೊಂದಿಸಿ ಮೇಲೇರಿಸಿದರೆ ರೆಸೊನೆನ್ಸ್ ಸರಿದಿರುತ್ತದೆ.

ಹೊಂದಿಸಿದ ಗ್ರಾಫ್ ಉಳಿಸಿಡಿ. ಅದರ ಆಕಾರವೂ ಮಾತಾಡುತ್ತದೆ: ಗಿಡ್ಡ ಆಂಟೆನಾವೊಂದು ಇಡೀ ಬ್ಯಾಂಡ್‌ಗೆ ಸಪಾಟಾದ, ತಗ್ಗಿನ ಎಸ್‌ಡಬ್ಲ್ಯೂಆರ್ ತೋರಿಸಿದರೆ ಸಂತೋಷಪಡುವ ಮೊದಲು ನಷ್ಟ ಎಲ್ಲಿದೆ ಎಂದು ಹುಡುಕಿ.

ಎರಡು ಆಂಟೆನಾಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ಒಬ್ಬಿಬ್ಬರು ಕೊಟ್ಟ 5-9 (ಸಿಗ್ನಲ್ ಸ್ಪಷ್ಟ, ಬಲವಾಗಿದೆ ಎಂಬ) ವರದಿ ಸಾಲದು. ಸಿಗ್ನಲ್ ತಾನಾಗಿಯೇ ಸೆಕೆಂಡುಗಳಲ್ಲಿ 10–20 ಡಿಬಿ ಏರಿಳಿಯುತ್ತದೆ. ಇವತ್ತು ಒಂದು, ನಾಳೆ ಒಂದು ಕಟ್ಟಿ ಹೋಲಿಸುವುದೂ ವ್ಯರ್ಥ. ಕಡಿಮೆ ಪವರ್‌ನ ಸಂಕೇತ ಕಳಿಸಿ, ಯಾವ ನಿಲ್ದಾಣ ಎಷ್ಟು ಚೆನ್ನಾಗಿ ಕೇಳಿತು ಎಂದು ತಾನಾಗಿ ವರದಿ ಸಿಗುವ ಡಬ್ಲ್ಯೂಎಸ್‌ಪಿಆರ್ ಇದಕ್ಕೆ ಸರಿಯಾದ ಸಾಧನ. ಎರಡು ನಿಮಿಷದ ಒಂದೊಂದು ಸರದಿಯನ್ನು ಒಂದೊಂದು ಆಂಟೆನಾಗೆ ಹಂಚಿ, ಪವರ್ 1 ವ್ಯಾಟ್‌ಗೆ ಇಟ್ಟು, ಒಂದು ಪೂರ್ತಿ ಹಗಲು ರಾತ್ರಿ ಓಡಿಸಿ. ಎರಡನ್ನೂ ಕೇಳಿದ ನಿಲ್ದಾಣಗಳ ವರದಿಯನ್ನಷ್ಟೇ ತೆಗೆದುಕೊಂಡು, ದೂರದ ಪ್ರಕಾರ ಬೇರೆ ಮಾಡಿ ಸರಾಸರಿ ನೋಡಿ. 500 ಕಿ.ಮೀ. ಒಳಗೆ ಒಂದು ಗೆದ್ದು 3000ದ ಆಚೆ ಇನ್ನೊಂದು ಗೆದ್ದರೆ ಅಚ್ಚರಿ ಬೇಡ, ಕೋನದ ಲೆಕ್ಕ ಕಣ್ಣಿಗೆ ಕಂಡಿತು ಅಷ್ಟೇ. 2 ಡಿಬಿಗಿಂತ ಕಡಿಮೆ ವ್ಯತ್ಯಾಸವನ್ನು ಸಮ ಎಂದೇ ಬರೆದುಕೊಳ್ಳಿ.

ಕೇಳುವ ಪರೀಕ್ಷೆ ಬೇರೆ. ಸೆಟ್ಟನ್ನು ಬ್ಯಾಟರಿ ಮೇಲೆ ಓಡಿಸಿ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ, ಇಲ್ಲದಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ. ಸದ್ದು ಸೆಟ್‌ನ ಸಿಗ್ನಲ್ ಮೀಟರ್‌ನಲ್ಲಿ ಎರಡು ಎಸ್ ಯೂನಿಟ್ ಇಳಿದರೆ, ಅಂದರೆ 12 ಡಿಬಿ, ಹೊಸ ಆಂಟೆನಾ ಹುಡುಕುವ ಮೊದಲು ಮನೆಯೊಳಗಿನ ಆ ಒಂದು ಅಡಾಪ್ಟರ್ ಹುಡುಕಿ.

ತಂತಿ, ಹಗ್ಗ, ಮಳೆ, ಸಿಡಿಲು

ಮನೆ ವೈರಿಂಗ್‌ಗೆ ಬಳಸುವ 1.5 ಅಥವಾ 2.5 ಚದರ ಮಿ.ಮೀ. ತಾಮ್ರದ ತಂತಿ, 90 ಮೀಟರ್ ಸುರುಳಿಯಲ್ಲಿ ಸಿಗುವುದು, ಸಾಕಷ್ಟು ಒಳ್ಳೆಯದು. ಮೆದು ತಾಮ್ರವಾದ್ದರಿಂದ ಎಳೆತಕ್ಕೆ ಹಿಗ್ಗುತ್ತದೆ. ಕಟ್ಟುವ ಮೊದಲು ಒಂದು ತುದಿ ಬಿಗಿದು ಜೋರಾಗಿ ಎಳೆದು ಹಿಗ್ಗಿಸಿ, ಆಮೇಲೆ ಅಳೆಯಿರಿ. ತುದಿಗೆ ಕರೆಂಟ್ ಕಂಬದ ಸ್ಟೇ ವೈರ್‌ನಲ್ಲಿರುವಂಥ ಪಿಂಗಾಣಿ ಇನ್ಸುಲೇಟರ್, ಅಥವಾ ಹತ್ತು ಸೆಂ.ಮೀ. ಪಿವಿಸಿ ಪೈಪ್ ತುಂಡು. ಫೀಡ್ ಪಾಯಿಂಟ್‌ನಲ್ಲಿ ತಂತಿಯನ್ನು ಎರಡು ತೂತಿನಲ್ಲಿ ಪೋಣಿಸಿ ಎಳೆತ ಪ್ಲಾಸ್ಟಿಕ್ ಮೇಲೆ ಬೀಳುವಂತೆ ಮಾಡಿ. ಎಳೆತ ಬೆಸುಗೆಯ ಮೇಲೆ ಬಿದ್ದರೆ ಮೊದಲ ಗಾಳಿಗೇ ಕಿತ್ತುಬರುತ್ತದೆ.

ತೆಂಗಿನ ಮರಕ್ಕೆ ಬಿಗಿಯಾಗಿ ಕಟ್ಟಿದ ತಂತಿ ಮರ ತೂಗಿದಾಗ ತುಂಡಾಗುತ್ತದೆ. ಕಾಯಿ ಕೀಳುವವರು ಮರ ಹತ್ತಿದಾಗ ಒಂದು ರಾಟೆ ಕಟ್ಟಿಸಿಕೊಳ್ಳಿ. ಅದರ ಮೂಲಕ ಬಂದ ಹಗ್ಗದ ಕೆಳತುದಿಗೆ 5 ಲೀಟರ್ ನೀರಿನ ಕ್ಯಾನ್ ತೂಗುಬಿಡಿ. ಮರ ಎಷ್ಟು ವಾಲಿದರೂ ಕ್ಯಾನ್ ಏರಿಳಿದು ಎಳೆತ 5 ಕೆ.ಜಿ.ಯಲ್ಲೇ ನಿಲ್ಲುತ್ತದೆ. ಇನ್ಸುಲೇಟರ್‌ನಿಂದ ಮರಕ್ಕೆ ಎರಡು ಮೂರು ಮೀಟರ್ ಹಗ್ಗ ಇರಲಿ, ಒದ್ದೆ ಗರಿ ತಂತಿಯ ತುದಿಗೆ ತಾಗಿದರೆ ರೆಸೊನೆನ್ಸ್ ಓಡಾಡುತ್ತದೆ. ಬಿಸಿಲಿಗೆ ನೈಲಾನ್ ಹಗ್ಗ ಪುಡಿಯಾಗುವುದರಿಂದ ವರ್ಷಕ್ಕೊಮ್ಮೆ ಬದಲಿಸಿ.

ವಿದ್ಯುತ್ ಲೈನ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಕಂಬ ಯಾವ ಕಡೆಗೆ ಬಿದ್ದರೂ, ತಂತಿ ಎಲ್ಲಿ ತುಂಡಾದರೂ, ಹಗ್ಗ ಎಸೆಯುವಾಗ ಎಷ್ಟೇ ದಾರಿ ತಪ್ಪಿದರೂ ಲೈನ್ ಮುಟ್ಟಲು ಸಾಧ್ಯವಿರಬಾರದು. ಲೈನ್‌ನ ಮೇಲೆ ಅಥವಾ ಕೆಳಗೆ ಆಂಟೆನಾ ದಾಟಿಸಲೇಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಬಳಸದಾಗ ಕೇಬಲ್ ಬಿಚ್ಚಿ ಅದರ ತುದಿಯನ್ನು ಮನೆಯ ಹೊರಗಿಡಿ. ಸೆಟ್‌ನಿಂದ ಕಿತ್ತು ಮೇಜಿನ ಮೇಲೆಯೇ ಬಿಟ್ಟರೆ ಸಿಡಿಲಿನ ದಾರಿಯನ್ನು ಕೋಣೆಯೊಳಗೇ ಉಳಿಸಿದಂತೆ.

ನೀರು ಒಳನುಗ್ಗುವುದು ಮೇಲಿನ ಕನೆಕ್ಟರ್‌ನಿಂದ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪ್. ಮನೆಯೊಳಗೆ ನುಗ್ಗುವ ಮೊದಲು ಕೇಬಲ್‌ಗೆ ಕೆಳಮುಖದ ಒಂದು ಬಾಗು ಕೊಡಿ, ಹನಿ ಅಲ್ಲಿಂದ ಉದುರುತ್ತದೆ. ಮೊದಲ ಮುಂಗಾರು ಕಳೆದ ಮೇಲೆ ಉಳಿಸಿಟ್ಟ ಗ್ರಾಫ್ ತೆಗೆದು ಹೊಸದರ ಜೊತೆ ಇಟ್ಟು ನೋಡಿ. ತಳ ಅದೇ ಫ್ರೀಕ್ವೆನ್ಸಿಯಲ್ಲಿದ್ದು, ಎರಡು ಪಕ್ಕದಲ್ಲಿ ಮೊದಲಿನಷ್ಟು ಎಸ್‌ಡಬ್ಲ್ಯೂಆರ್ ಏರುತ್ತಿಲ್ಲವಾದರೆ ಆಂಟೆನಾ ಸುಧಾರಿಸಿದೆ ಎಂದುಕೊಳ್ಳಬೇಡಿ. ಕೇಬಲ್ ಒದ್ದೆಯಾಗಿದೆ. ಕನೆಕ್ಟರ್ ಬಿಚ್ಚಿ, ಹೆಣಿಗೆ ಕಪ್ಪಾಗಿರುವಷ್ಟು ಉದ್ದ ಕತ್ತರಿಸಿ ಎಸೆದು, ಹೊಳೆಯುವ ತಾಮ್ರ ಕಂಡಲ್ಲಿಂದ ಹೊಸ ಕನೆಕ್ಟರ್ ಹಾಕಿ. ಅರ್ಧ ಮೀಟರ್ ಕತ್ತರಿಸಿದರೂ ಕಪ್ಪು ಹೋಗದಿದ್ದರೆ ಕೇಬಲ್ಲನ್ನೇ ಬದಲಿಸಿ.